ಸಹಾಯ ಬೇಕು: ಗೇಮ್ ವೇಗವಾದ ಕೂಡಲೇ ಲೈವ್ ವಿಡಿಯೋ ಕಲಸಿಹೋಗುತ್ತದೆ

ಎಲ್ಲರಿಗೂ ನಮಸ್ಕಾರ. ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾ ಫೋರ್ಜಾ ಹೊರೈಜನ್ 5 ಅನ್ನೋ ಕಾರ್ ರೇಸಿಂಗ್ ಗೇಮ್ ಲೈವ್ ಮಾಡುತ್ತೇನೆ. ಕಾರು ನಿಂತಿದ್ದಾಗ ಚಿತ್ರ ಕನ್ನಡಿ ಥರ ಇರುತ್ತದೆ. ವೇಗ ಹಿಡಿದು ಹುಲ್ಲಿನ ಬಯಲಿಗೆ ನುಗ್ಗಿದರೆ ಸಾಕು, ಹುಲ್ಲೆಲ್ಲ ಹಸಿರು ಚೌಕಗಳಾಗಿಬಿಡುತ್ತದೆ. ನನ್ನ ಮಾನಿಟರ್‌ನಲ್ಲಿ ಮಾತ್ರ ಏನೂ ತೊಂದರೆ ಇಲ್ಲ.

ಲೈವ್ ಕಳಿಸಲು ಒಬಿಎಸ್ ಸಾಫ್ಟ್‌ವೇರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ವಿಡಿಯೋ ಕುಗ್ಗಿಸಲು ಆ ಕಾರ್ಡ್‌ನದೇ ಎನ್‌ಕೋಡರ್ ಎನ್‌ವೆಂಕ್ ಎಚ್.264. 1080ಪಿ, 60 ಫ್ರೇಮ್, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಸಿಬಿಆರ್, ಅಂದರೆ ಏರಿಳಿತವಿಲ್ಲದೆ 6000 ಕೆಬಿಪಿಎಸ್, ಕೀಫ್ರೇಮ್ (ಪೂರ್ತಿಯಾಗಿ ಕಳಿಸುವ ಫ್ರೇಮ್) 2 ಸೆಕೆಂಡ್‌ಗೊಮ್ಮೆ. ಸ್ಟಾಟ್ಸ್‌ನಲ್ಲಿ ಡ್ರಾಪ್ ಆದ ಫ್ರೇಮ್ ಸೊನ್ನೆ, ಎನ್‌ಕೋಡಿಂಗ್ ಲ್ಯಾಗ್ ಕೂಡ ಇಲ್ಲ. ಹಾಗಾಗಿ ನೆಟ್‌ದೂ ಕಾರ್ಡ್‌ದೂ ತಪ್ಪಲ್ಲ, ಬಿಟ್‌ರೇಟೇ ಸಾಲುತ್ತಿಲ್ಲ ಅನ್ನಿಸುತ್ತದೆ. ಪ್ರತಿ ಫ್ರೇಮ್‌ನಲ್ಲೂ ಅಷ್ಟೊಂದು ಹುಲ್ಲುಕಡ್ಡಿ ಜಾಗ ಬದಲಿಸಿದರೆ ಎನ್‌ಕೋಡರ್ ತಾನೇ ಏನು ಮಾಡೀತು, ಅಲ್ವಾ?

ಅಪ್‌ಲೋಡ್ 20 ಎಂಬಿಪಿಎಸ್ ಸಿಗುತ್ತದೆ. ಬಿಟ್‌ರೇಟ್ 12000ಕ್ಕೆ ಏರಿಸಲಾ, ಅಥವಾ 6000ದಲ್ಲೇ ಇಟ್ಟು 720ಪಿಗೆ ಇಳಿಸಲಾ? ನೋಡುವವರು ಜಾಸ್ತಿ ಮೊಬೈಲ್‌ನಲ್ಲೇ. ಇನ್ನೊಂದು, 1440ಪಿಗೆ ಹಿಗ್ಗಿಸಿ ಕಳಿಸಿದರೆ ಯೂಟ್ಯೂಬ್ ವಿಪಿ9 ಕೋಡೆಕ್ (ವಿಡಿಯೋವನ್ನು ಇನ್ನೂ ಚೆನ್ನಾಗಿ ಕುಗ್ಗಿಸುವ ವಿಧಾನ) ಕೊಡುತ್ತದೆ, ಚಿತ್ರ ಸುಧಾರಿಸುತ್ತದೆ ಅಂತಾರೆ. ಈ ಕಾರ್ಡ್‌ನಲ್ಲಿ ಹಾಗೆ ಮಾಡಿ ನೋಡಿದವರು ಇದ್ದೀರಾ? ಗೇಮ್‌ನ ಫ್ರೇಮ್‌ರೇಟ್ ಎಷ್ಟು ಬಿತ್ತು?

ಕನ್ನಡ ಕೇಳೋಕೆ ಅಂತಲೇ ಬರುವವರಿಗೆ ಮಸುಕು ಚಿತ್ರ ತೋರಿಸಲು ಮನಸ್ಸಿಲ್ಲ. ನಿಮ್ಮ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಹಾಕಿದರೆ ದೊಡ್ಡ ಉಪಕಾರ. ಒಬಿಎಸ್ ಲಾಗ್ ಬೇಕಿದ್ದರೆ ಹೇಳಿ, ಕಾಮೆಂಟ್‌ನಲ್ಲಿ ಹಾಕುತ್ತೇನೆ.