‘ಎಂಟು ಲೈನಿನ ಗೇಟ್‌ವೇ’: ಇಲ್ಲಿ ‘ಲೈನು’ ಎಂದರೆ ಯಾವುದು?

ಪದಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತುಮಕೂರಿನ ಎಪಿಎಂಸಿ ಯಾರ್ಡಿನ ಮಂಡಿಯೊಂದಕ್ಕೆ ಅಂತರ್ಜಾಲ ದೂರವಾಣಿಯ ಗೇಟ್‌ವೇ (ಸಾಧಾರಣ ಫೋನುಗಳನ್ನೂ ದೂರವಾಣಿ ಸಂಪರ್ಕಗಳನ್ನೂ ಅಂತರ್ಜಾಲಕ್ಕೆ ಬೆಸೆಯುವ ಪೆಟ್ಟಿಗೆ) ಕೊಳ್ಳಬೇಕಾಗಿದ್ದು, ಕೊಟೇಶನ್ ಕೇಳುವ ಪತ್ರವನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಎಂಟು ಲೈನಿನ ಗೇಟ್‌ವೇ ಬೇಕು’ ಎಂದು ಮಾಲೀಕರು ಹೇಳಿದ್ದನ್ನೇ ಅಂಗಡಿಗಳಲ್ಲಿ ವಿಚಾರಿಸಿದಾಗ, ಒಬ್ಬರು ಎಂಟು ಫೋನ್‌ಗಳನ್ನು ಜೋಡಿಸುವ ಪೆಟ್ಟಿಗೆಯ ಬೆಲೆಯನ್ನೂ, ಮತ್ತೊಬ್ಬರು ಎಂಟು ಸ್ಥಿರ ದೂರವಾಣಿ ಸಂಪರ್ಕಗಳನ್ನು ತೆಗೆದುಕೊಳ್ಳುವ ಪೆಟ್ಟಿಗೆಯ ಬೆಲೆಯನ್ನೂ, ಇನ್ನೊಬ್ಬರು ಏಕಕಾಲದಲ್ಲಿ ಎಂಟು ಕರೆಗಳನ್ನು ನಡೆಸಬಲ್ಲ ಪೆಟ್ಟಿಗೆಯ ಬೆಲೆಯನ್ನೂ ಬರೆದುಕೊಟ್ಟರು. ಕನ್ನಡದ ಬಳಕೆಯನ್ನು ನೋಡಿದರೆ ಇವರಲ್ಲಿ ಯಾರ ಅರ್ಥವನ್ನೂ ತಪ್ಪೆನ್ನಲಾಗದು.

ಯಂತ್ರದ ದೃಷ್ಟಿಯಿಂದ ಮಾತ್ರ ಈ ಮೂರೂ ತೀರ ಬೇರೆ. ಗೇಟ್‌ವೇಯ ಬೆನ್ನಿನಲ್ಲಿರುವ ಕಿಂಡಿಗಳು ನೋಡಲು ಒಂದೇ ತೆರನಾಗಿದ್ದರೂ ಅವುಗಳಲ್ಲಿ ಎರಡು ಜಾತಿಗಳಿವೆ. ಎಫ್‌ಎಕ್ಸ್‌ಎಸ್ ಎಂಬುದು ಮೇಜಿನ ಮೇಲಿನ ಸಾಧಾರಣ ಫೋನಿಗೆ ಸುಮಾರು 48 ವೋಲ್ಟ್ ವಿದ್ಯುತ್ತನ್ನೂ ಡಯಲ್ ಟೋನನ್ನೂ ಗಂಟೆ ಬಾರಿಸುವ ವೋಲ್ಟೇಜನ್ನೂ ಕೊಡುತ್ತದೆ. ಎಫ್‌ಎಕ್ಸ್‌ಒ ಇವನ್ನೆಲ್ಲ ಹೊರಗಿನಿಂದ ಪಡೆದುಕೊಳ್ಳುತ್ತದೆ, ಅಂದರೆ ಎಕ್ಸ್‌ಚೇಂಜಿನ ಕಣ್ಣಿಗೆ ತಾನೇ ಒಂದು ಫೋನಿನಂತೆ ವರ್ತಿಸುತ್ತದೆ. ಎಕ್ಸ್‌ಚೇಂಜಿನಿಂದ ಬಂದ ತಂತಿಯನ್ನು ಎಫ್‌ಎಕ್ಸ್‌ಎಸ್ ಕಿಂಡಿಗೆ ಸಿಕ್ಕಿಸಿದರೆ ಎರಡೂ ಕಡೆಯಿಂದ ವೋಲ್ಟೇಜು ಎದುರುಬದುರಾಗಿ, ಕಿಂಡಿಯೇ ಸುಟ್ಟುಹೋಗಬಹುದು. ಮೂರನೆಯದಾದ ಏಕಕಾಲದ ಕರೆಗಳ ಲೆಕ್ಕ ಅಂತರ್ಜಾಲದ ಕಡೆಗೆ ಸೇರಿದ್ದು. ಧ್ವನಿಯನ್ನು ಬಿಟ್ಟುಗಳಾಗಿ ಬದಲಿಸುವ ಜಿ.711 ಎಂಬ ಸಂಕೇತನದಲ್ಲಿ ಒಂದು ಕರೆಯ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಧ್ವನಿಯನ್ನು ತುಂಬಿ ಕಳಿಸುವ ಪೊಟ್ಟಣದ (ಪ್ಯಾಕೆಟ್ಟಿನ) ಹೆಡರುಗಳು, ಅಂದರೆ ವಿಳಾಸ ಮೊದಲಾದ ತಲೆಬರಹಗಳೂ ಸೇರಿ ಅದು ಒಂದೊಂದು ದಿಕ್ಕಿಗೂ 87 ಕಿಲೋಬಿಟ್ಟಿನ ಆಸುಪಾಸಿಗೆ ಏರುತ್ತದೆ. ಜಿ.729ರಲ್ಲಿ ಧ್ವನಿಗೆ 8 ಕಿಲೋಬಿಟ್ ಸಾಕಾದರೂ ಅದನ್ನು ಕುಗ್ಗಿಸುವ ಶ್ರಮ ಹೆಚ್ಚು. ಆದ್ದರಿಂದ ಕೆಲವು ಮಾದರಿಗಳಲ್ಲಿ ಕಿಂಡಿ ಎಂಟಿದ್ದರೂ ಅಷ್ಟೂ ಕರೆಗಳು ಒಮ್ಮೆಲೇ ನಡೆಯುವುದಿಲ್ಲ.

ಈಗ ಪದದ ವಿಚಾರ. ನಮ್ಮ ಕಡೆಯ ಮಾತಿನಲ್ಲಿ ‘ಲೈನು’ ಯಾವುದೆಂಬುದನ್ನು ಅದರ ಜೊತೆಗೆ ಬರುವ ಕ್ರಿಯಾಪದವೇ ಹೇಳಿಬಿಡುತ್ತದೆ ಎಂಬುದು ನನ್ನ ಗಮನಕ್ಕೆ ಬಂದಿದೆ. ‘ಹೊಸ ಲೈನು ಹಾಕಿಸಿದ್ದೇವೆ’ ಎಂದರೆ ದೂರವಾಣಿ ಕಂಪನಿಯಿಂದ ಪಡೆದ ಸಂಪರ್ಕ. ‘ಗೋಡೌನಿಗೂ ಒಂದು ಲೈನು ಎಳೆಸಿ’ ಎಂದರೆ ಕಟ್ಟಡದೊಳಗಿನ ಇಂಟರ್‌ಕಾಮ್. ‘ಸಾಹುಕಾರರು ಲೈನಿನಲ್ಲಿದ್ದಾರೆ’ ಎಂದರೆ ನಡೆಯುತ್ತಿರುವ ಕರೆ. ಹಾಕಿಸು, ಎಳೆಸು, ಇರು ಎಂಬ ಈ ಕ್ರಿಯೆಗಳ ಬಲದಿಂದ ಮಾತಿನಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಕೊಟೇಶನ್ ಪತ್ರದಲ್ಲಾದರೋ ‘ಎಂಟು ಲೈನಿನ ಗೇಟ್‌ವೇ’ ಎಂದು ಬರಿಯ ನಾಮಪದಗಳೇ ಉಳಿಯುವುದರಿಂದ, ಅರ್ಥವನ್ನು ಹಿಡಿದಿಟ್ಟಿದ್ದ ಕ್ರಿಯಾಪದ ಬಿದ್ದುಹೋಗಿ, ಓದಿದವರು ತಮಗೆ ಒಗ್ಗಿದ ಅರ್ಥವನ್ನು ತುಂಬಿಕೊಳ್ಳುತ್ತಾರೆ. ತಪ್ಪು ಪೆಟ್ಟಿಗೆಗೆ ಹಣ ತೆರುವುದು ಕೊಳ್ಳುವವರೇ ಆದ್ದರಿಂದ ಇದನ್ನು ಸಣ್ಣ ಸಂಗತಿಯೆಂದು ಬಿಡಲು ನನಗೆ ಮನಸ್ಸಿಲ್ಲ.

‘ಗೇಟ್‌ವೇ’ಯನ್ನು ‘ಹೆಬ್ಬಾಗಿಲು’ ಮಾಡಬೇಕೆಂಬ ಸಲಹೆಯೂ ಬಂದಿತ್ತು. ಅಂಗಡಿಯವರೂ ಗಿರಾಕಿಗಳೂ ‘ಗೇಟ್‌ವೇ’ ಎಂದೇ ಆಡುವಾಗ ಅದನ್ನು ಹಾಗೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಎಫ್‌ಎಕ್ಸ್‌ಎಸ್‌ಗೆ ‘ಇಂಟರ್‌ಕಾಮ್ ಕಿಂಡಿ’ ಎಂದೂ, ಮೂರನೆಯ ಅರ್ಥಕ್ಕೆ ‘ಏಕಕಾಲದ ಕರೆ’ ಎಂದೂ ಬರೆಯಲು ನಿರ್ಧರಿಸಿದ್ದೇನೆ. ತೊಡಕಿರುವುದು ಎಫ್‌ಎಕ್ಸ್‌ಒ ಕಿಂಡಿಗೆ ಬರುವ ಲೈನಿನ ಹೆಸರಿನಲ್ಲಿ. ಹೊರರಾಜ್ಯ, ಹೊರಗುತ್ತಿಗೆ ಎಂಬ ಮಾದರಿಯಲ್ಲಿ ‘ಹೊರಲೈನು’ ಎನ್ನಬಹುದಾಗಿತ್ತು. ಆದರೆ ‘ಹೊರಕರೆ’, ‘ಒಳಕರೆ’ ಎಂಬ ಮಾತುಗಳು ಈಗಾಗಲೇ ಬಳಕೆಯಲ್ಲಿರುವುದರಿಂದ, ಈ ಲೈನು ಹೊರಗೆ ಮಾಡುವ ಕರೆಗಳಿಗೆ ಮಾತ್ರ ಎಂದು ತಿಳಿಯುವ ಅಪಾಯವಿದೆ. ವಾಸ್ತವದಲ್ಲಿ ಅದೇ ಲೈನಿನಲ್ಲಿ ಕರೆಗಳು ಬರುತ್ತವೆ, ಹೋಗುತ್ತವೆ. ಹಳೆಯ ಗುಮಾಸ್ತರ ಬಾಯಲ್ಲಿರುವ ‘ಎಕ್ಸ್‌ಚೇಂಜ್ ಲೈನು’ ನನಗೆ ಬಹಳ ಹಿಡಿಸಿತ್ತು. ಆದರೆ ಈ ಮಂಡಿಯ ಸ್ಥಿರ ದೂರವಾಣಿ ಈಗ ಫೈಬರ್ ಮೋಡೆಮ್ಮಿನ ಫೋನ್ ಕಿಂಡಿಯಿಂದ ಬರುತ್ತಿದೆ. ಆ ಕಿಂಡಿಯೇ ಡಯಲ್ ಟೋನ್ ಕೊಡುವುದರಿಂದ ಅದೂ ಒಂದು ಎಫ್‌ಎಕ್ಸ್‌ಎಸ್; ಅಲ್ಲಿಂದ ಹೊರಟ ಒಂದು ಮೊಳದ ತಂತಿಯನ್ನು ಗೇಟ್‌ವೇಯ ಎಫ್‌ಎಕ್ಸ್‌ಒಗೆ ಸಿಕ್ಕಿಸಬೇಕು. ಎಕ್ಸ್‌ಚೇಂಜಿನಿಂದ ನೇರವಾಗಿ ಬಂದ ತಾಮ್ರದ ತಂತಿಯೇ ಇಲ್ಲದಿರುವಾಗ ಆ ತುಂಡು ತಂತಿಯನ್ನು ‘ಎಕ್ಸ್‌ಚೇಂಜ್ ಲೈನು’ ಎಂದರೆ, ಜೋಡಿಸಲು ಬಂದ ಹುಡುಗ ಅದನ್ನು ಗೋಡೆಯಲ್ಲಿ ಹುಡುಕುತ್ತಾ ನಿಲ್ಲುತ್ತಾನೆ.

ಸದ್ಯಕ್ಕೆ ಕರಡನ್ನು ಹೀಗೆ ಬರೆದಿದ್ದೇನೆ: ‘ಕಂಪನಿಯ ನಂಬರು ಬರುವ ಲೈನುಗಳಿಗೆ 2 ಎಫ್‌ಎಕ್ಸ್‌ಒ ಕಿಂಡಿ, ಇಂಟರ್‌ಕಾಮ್ ಫೋನ್‌ಗಳಿಗೆ 8 ಎಫ್‌ಎಕ್ಸ್‌ಎಸ್ ಕಿಂಡಿ, ಜಿ.729ರಲ್ಲಿಯೂ 4 ಏಕಕಾಲದ ಕರೆಗಳು.’ ಅರ್ಥ ಸ್ಪಷ್ಟವಾಗಿದೆ, ಆದರೆ ‘ಕಂಪನಿಯ ನಂಬರು ಬರುವ ಲೈನು’ ಎಂಬುದು ಪದವಲ್ಲ, ವಿವರಣೆ.

ಕೋಲಾರದ ಟೊಮೆಟೊ ಮಂಡಿಗಳಲ್ಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ತಿಪಟೂರಿನ ಕೊಬ್ಬರಿ ವರ್ತಕರಲ್ಲಿ ಈ ಲೈನಿಗೆ ಒಂದೇ ಮಾತಿನ ಹೆಸರೇನಾದರೂ ರೂಢಿಯಲ್ಲಿದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಅದನ್ನು ಯಾವ ಕ್ರಿಯಾಪದದೊಡನೆ ಬಳಸುತ್ತಾರೆಂಬುದನ್ನೂ ಬರೆದರೆ ಹೆಚ್ಚು ಉಪಕಾರವಾಗುತ್ತದೆ.