ಹೊಸ ಮಾರ್ಗದ ವಿದ್ಯುದೀಕರಣ ಯಾವ ಹಂತದಲ್ಲಿದೆ ಎಂಬುದನ್ನು ರಸ್ತೆಯಿಂದಲೇ ತಿಳಿಯುವುದು ಹೇಗೆ?

ಪ್ರಶ್ನೆ – ವಿಜ್ಞಾನ ಶಿಕ್ಷಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ನಮ್ಮೂರಿಗೆ ಬರಲಿರುವ ಸುಮಾರು 191 ಕಿ.ಮೀ. ಉದ್ದದ ಹೊಸ ರೈಲು ಮಾರ್ಗದ ಕೆಲಸ ನಡೆದಿರುವುದರಿಂದ, ನಮ್ಮ ಹತ್ತನೇ ತರಗತಿಯ ಮಕ್ಕಳನ್ನು ಆಗಾಗ ಭಾನುವಾರ ಬೆಳಿಗ್ಗೆ ನಡಿಗೆಗೆ ಕರೆದೊಯ್ದು, ಆ ಕೆಲಸ ಹೇಗೆ ಮುಂದುವರಿಯುತ್ತದೆ ಎಂಬುದನ್ನು ಕಣ್ಣಾರೆ ತೋರಿಸಬೇಕೆಂದಿದ್ದೇನೆ. ಈಗಿರುವ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ವಿದ್ಯುತ್ ತಂತಿ ಬಂದದ್ದರಿಂದಲೇ 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ನಮ್ಮ ನಿಲ್ದಾಣಕ್ಕೂ ಬರುವಂತಾಯಿತು. ಆ ತಂತಿ ಏರಿದ ದಿನಗಳಲ್ಲಿ ಈ ಮಕ್ಕಳು ತೀರ ಚಿಕ್ಕವರು, ಹಾಗಾಗಿ ಅವರು ಕಂಡಿರುವುದು ಮುಗಿದ ಕೆಲಸವನ್ನು ಮಾತ್ರ.

ಕಂಬಗಳನ್ನು ಎಣಿಸಿಕೊಂಡು ಬರುವುದರಿಂದ ಹೆಚ್ಚೇನೂ ತಿಳಿಯದು ಎಂದು ನನಗೆ ಅನಿಸುತ್ತಿದೆ. ಹಳಿಯ ಹತ್ತಿರ ಹೋಗದೆ, ರಸ್ತೆ ಮತ್ತು ಮೇಲ್ಸೇತುವೆಗಳಿಂದ ನೋಡಿದರೆ ಯಾವ ಗುರುತಿನಿಂದ ಯಾವ ಹಂತವೆಂದು ಹೇಳಬಹುದು? ಈ ಕೆಲಸದಲ್ಲಿ ಇದ್ದವರು ದಯವಿಟ್ಟು ವಿವರಿಸಬೇಕು.

ಉತ್ತರ – ನಿವೃತ್ತ ನೌಕರ, ಮೇಲ್ತಂತಿ ವಿಭಾಗ

ಮೇಷ್ಟ್ರೇ, ನಿಮ್ಮ ಅನಿಸಿಕೆ ಸರಿಯಾಗಿದೆ. ಕಂಬ ನಿಂತ ಕೂಡಲೇ ಊರಿನವರು ಕೆಲಸ ಮುಗಿದಂತೆ ಮಾತನಾಡುತ್ತಾರೆ, ಆದರೆ ಸೂಕ್ಷ್ಮವಾದ ಕೆಲಸವೆಲ್ಲ ಶುರುವಾಗುವುದು ಆಮೇಲೆಯೇ. ಮೊದಲು ಬುನಾದಿಯ ಗುಂಡಿ ತೋಡಿ, ಕಂಬ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟ್ ಕಟ್ಟುತ್ತಾರೆ. ಎರಡು ಕಂಬಗಳ ನಡುವಿನ ಅಂತರ ನೇರ ಹಳಿಯಲ್ಲಿ ಹೆಚ್ಚು, ತಿರುವಿನಲ್ಲಿ ಕಡಿಮೆ. ಅನಂತರ ಕಂಬದಿಂದ ಹಳಿಯ ಕಡೆಗೆ ಚಾಚಿದ ಕೊಳವೆಯ ಬ್ರಾಕೆಟ್ ಮತ್ತು ಪಿಂಗಾಣಿಯ ಅಥವಾ ಪಾಲಿಮರ್‌ನ ಇನ್ಸುಲೇಟರ್ ಕಾಣಿಸಿಕೊಳ್ಳುತ್ತವೆ. ಬ್ರಾಕೆಟ್ ಇಲ್ಲದ ಕಂಬಗಳ ಸಾಲು ಎಷ್ಟೇ ಉದ್ದವಿದ್ದರೂ ಅದನ್ನು ಆರಂಭದ ಹಂತವೆಂದೇ ಮಕ್ಕಳು ಬರೆದುಕೊಳ್ಳಲಿ.

ತಂತಿ ಎರಡು. ಮೇಲಿನದು ಭಾರ ಹೊರುವುದು, ಕೆಳಗಿನದು ಎಂಜಿನ್ನಿನ ಪ್ಯಾಂಟೋಗ್ರಾಫ್ (ತಂತಿಯಿಂದ ವಿದ್ಯುತ್ ಪಡೆಯಲು ಎಂಜಿನ್ನಿನ ನೆತ್ತಿಯ ಮೇಲಿರುವ ಚೌಕಟ್ಟು) ಉಜ್ಜಿಕೊಂಡು ಹೋಗುವುದು. ಎರಡರ ನಡುವೆ ಡ್ರಾಪರ್ ಎಂಬ ಸಣ್ಣ ತಂತಿಗಳನ್ನು ಇಳಿಬಿಟ್ಟು ಕೆಳಗಿನ ತಂತಿಯ ಎತ್ತರವನ್ನು ಸಮ ಮಾಡುತ್ತಾರೆ. ಸಾಮಾನ್ಯವಾಗಿ ಹಳಿಯಿಂದ ಸುಮಾರು 5.5 ಮೀಟರ್ ಎತ್ತರದಲ್ಲಿ ಅದು ಇರುತ್ತದೆ. ಮೇಲ್ಸೇತುವೆಯ ಮೇಲೆ ನಿಂತು ಉದ್ದಕ್ಕೆ ನೋಡಿದರೆ ಆ ತಂತಿ ನೆಟ್ಟಗಿರದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಕೊಂಡು ಸಾಗುವುದು ಕಾಣುತ್ತದೆ. ನೇರ ಹಳಿಯಲ್ಲಿ ನಡುಗೆರೆಯಿಂದ ಎರಡೂ ಕಡೆಗೆ ಸುಮಾರು 20 ಸೆಂಟಿಮೀಟರ್ ಸರಿಸಿ ಕಟ್ಟಿರುತ್ತಾರೆ. ಒಂದೇ ಜಾಗದಲ್ಲಿ ಉಜ್ಜಿದರೆ ಪ್ಯಾಂಟೋಗ್ರಾಫಿನ ಪಟ್ಟಿಯಲ್ಲಿ ಗೀರು ಬಿದ್ದು ಬೇಗ ಸವೆದುಹೋಗುತ್ತದೆ.

ನಿಮ್ಮ ಮಕ್ಕಳಿಗೆ ತಪ್ಪದೆ ತೋರಿಸಬೇಕಾದ್ದು ತೂಕದ ಬಿಲ್ಲೆಗಳು. ತಂತಿಯ ಒಂದು ಭಾಗ ಕೊನೆಯಾಗುವ ಕಂಬದಲ್ಲಿ ರಾಟೆಯ ಮೇಲಿಂದ ಹಗ್ಗ ಇಳಿದು, ಅದರ ತುದಿಗೆ ಒಂದರ ಮೇಲೊಂದರಂತೆ ಬಿಲ್ಲೆಗಳನ್ನು ಪೋಣಿಸಿರುತ್ತಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಾಮ್ರ ಹಿಗ್ಗಿದಾಗ ತೂಕ ಕೆಳಗಿಳಿಯುತ್ತದೆ, ಬೆಳಗಿನ ತಂಪಿಗೆ ತಂತಿ ಕುಗ್ಗಿದಾಗ ಮೇಲೇರುತ್ತದೆ. ತಂತಿಯ ಬಿಗಿ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿ ಉಳಿಯುತ್ತದೆ. ಈಗಿರುವ ಮಾರ್ಗದಲ್ಲಿ ಇಂಥ ಕಂಬವೊಂದನ್ನು ದೂರದಿಂದಲೇ ಗುರುತು ಮಾಡಿಕೊಂಡು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿದರೆ ಉಷ್ಣತೆಯಿಂದ ಲೋಹ ಹಿಗ್ಗುವ ಪಾಠಕ್ಕೆ ಬೇರೆ ಉಪಕರಣವೇ ಬೇಡ.

ಉತ್ತರ – ತೋಳಹುಣಸೆ ಕಡೆಯ ಪೋಷಕಿ

ಸರ್, ನಿಮ್ಮ ಉದ್ದೇಶ ಬಹಳ ಒಳ್ಳೆಯದು, ಆದರೂ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಇನ್ನೂ ರೈಲು ಓಡುತ್ತಿಲ್ಲವಲ್ಲ, ತಂತಿಯಲ್ಲಿ ಕರೆಂಟ್ ಎಲ್ಲಿಂದ ಬರಬೇಕು ಎಂಬ ಧೈರ್ಯ ನಮ್ಮ ಹುಡುಗರಲ್ಲಿ ಬಹಳ ಇದೆ. ಆ ತಂತಿಯ ಒತ್ತಡ 25,000 ವೋಲ್ಟ್, ಮನೆಗೆ ಬರುವ 230 ವೋಲ್ಟಿನ ನೂರು ಪಟ್ಟಿಗೂ ಹೆಚ್ಚು. ಮುಟ್ಟದಿದ್ದರೂ ಹತ್ತಿರ ಹೋದರೆ ಸಾಕು, ಗಾಳಿಯಲ್ಲೇ ಹಾಯ್ದು ಸುಡುತ್ತದೆ. ಸೆಲ್ಫಿ ತೆಗೆಯಲು ನಿಂತ ವ್ಯಾಗನ್ ಹತ್ತಿ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅನುಮತಿಯಿಲ್ಲದೆ ಹಳಿಯ ಆವರಣಕ್ಕೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ ಎಂಬುದನ್ನೂ ನಡಿಗೆಗೆ ಹೊರಡುವ ಮುನ್ನವೇ ತಿಳಿಸಿಬಿಡಿ. ಸೆಲ್ಫಿ ಕೋಲು, ಗಾಳಿಪಟಗಳನ್ನು ಮನೆಯಲ್ಲೇ ಬಿಟ್ಟು ಬರಲಿ.

ಉತ್ತರ – ನಿವೃತ್ತ ನೌಕರ, ಮೇಲ್ತಂತಿ ವಿಭಾಗ

ಅಮ್ಮ ಹೇಳಿದ್ದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಹಳೆಯ ಮಾರ್ಗದ ಪಕ್ಕದಲ್ಲೇ ಹೊಸ ತಂತಿ ಎಳೆದಿರುವಲ್ಲಿ, ಹೊಸ ತಂತಿಗೆ ವಿದ್ಯುತ್ ಕೊಡದಿದ್ದರೂ ಪಕ್ಕದ ತಂತಿಯ ಪ್ರೇರಣೆಯಿಂದ ಅದರಲ್ಲಿ ಅಪಾಯಕಾರಿ ವೋಲ್ಟೇಜ್ ಹುಟ್ಟಬಹುದು. ಆದ್ದರಿಂದಲೇ ನಾವು ಕೆಲಸ ಮಾಡುವಾಗ ವಿದ್ಯುತ್ ಕಡಿತಗೊಳಿಸಿದ್ದೇವೆಂದು ಲಿಖಿತ ಅನುಮತಿ ಬಂದ ಮೇಲೂ ಎರಡೂ ಕಡೆ ಅರ್ಥಿಂಗ್ ಕೋಲು (ತಂತಿಯಲ್ಲಿ ಉಳಿದ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಕೋಲು) ಹಾಕದೆ ತಂತಿಗೆ ಕೈ ಹಚ್ಚುತ್ತಿರಲಿಲ್ಲ.

ಉತ್ತರ – ಚಿತ್ರದುರ್ಗದ ಓದುಗ

ಶಿಕ್ಷಕರು ಒಂದೇ ಜಾಗವನ್ನು ಆರಿಸಿಕೊಂಡು, ಪ್ರತಿ ಸಲವೂ ಅಲ್ಲಿಂದಲೇ ಚಿತ್ರ ತೆಗೆಸುವುದು ಒಳ್ಳೆಯದು. ನಮ್ಮ ಊರಿನಿಂದ ದಾವಣಗೆರೆಗೆ ರೈಲಿನಲ್ಲಿ ಬರಬೇಕಾದರೆ ಈಗ ಚಿಕ್ಕಜಾಜೂರನ್ನು ಸುತ್ತಿಕೊಂಡು ಬರಬೇಕು, ಹಾಗಾಗಿ ಹೊಸ ಮಾರ್ಗದ ಒಂದೊಂದು ಸುದ್ದಿಗೂ ಇಲ್ಲಿ ಜನ ಕಾಯುತ್ತಿರುತ್ತಾರೆ. ಆ ಚಿತ್ರಗಳನ್ನು ತಿಂಗಳ ಹೆಸರಿನೊಂದಿಗೆ ಇಲ್ಲಿಯೂ ಹಂಚಿಕೊಳ್ಳಿ. ಒಂದು ಸಂದೇಹವಿದೆ: ತಂತಿ, ಡ್ರಾಪರ್, ತೂಕ ಎಲ್ಲ ಬಂದ ಮೇಲೆ ವಿದ್ಯುತ್ ಹರಿದಿದೆಯೋ ಇಲ್ಲವೋ ಎಂಬುದು ಹೊರಗಿನವರಿಗೆ ತಿಳಿಯುವುದು ಹೇಗೆ?

ಉತ್ತರ – ನಿವೃತ್ತ ನೌಕರ, ಮೇಲ್ತಂತಿ ವಿಭಾಗ

ನೋಡಿ ತಿಳಿಯಲು ಸಾಧ್ಯವಿಲ್ಲ. ವಿದ್ಯುತ್ ಇದ್ದ ತಂತಿಯೂ ಇಲ್ಲದ ತಂತಿಯೂ ಕಣ್ಣಿಗೆ ಒಂದೇ. ಇಂಥ ದಿನಾಂಕದಿಂದ ಇಂಥ ನಿಲ್ದಾಣಗಳ ನಡುವಿನ ತಂತಿಯಲ್ಲಿ ಸದಾ ವಿದ್ಯುತ್ ಇದೆಯೆಂದೇ ಭಾವಿಸಬೇಕು ಎಂದು ರೈಲ್ವೆಯವರು ಮುಂಚಿತವಾಗಿ ಸಾರ್ವಜನಿಕ ಪ್ರಕಟಣೆ ಕೊಡುತ್ತಾರೆ. ಗೇಟುಗಳ ಎರಡೂ ಬದಿ ರಸ್ತೆಗೆ ಅಡ್ಡಲಾಗಿ ಎತ್ತರ ಮಿತಿಯ ಕಮಾನು ನಿಲ್ಲಿಸಿ, ಅಪಾಯದ ಫಲಕ ಹಾಕುತ್ತಾರೆ. ಹುಲ್ಲು, ಹತ್ತಿ ಹೇರಿಕೊಂಡು ಬರುವ ಲಾರಿಗಳವರು ಅದನ್ನು ಮುಖ್ಯವಾಗಿ ಗಮನಿಸಬೇಕು. ನಾನಾದರೆ ಮಕ್ಕಳಿಗೆ, ತಂತಿ ಏರಿದ ದಿನದಿಂದಲೇ ಅದರಲ್ಲಿ ವಿದ್ಯುತ್ ಇದೆಯೆಂದು ತಿಳಿಯಿರಿ ಎಂದೇ ಹೇಳಿಕೊಡುತ್ತೇನೆ. ಮೇಷ್ಟ್ರು ಹೊರಡುವ ಮುನ್ನ ನಿಲ್ದಾಣದ ಅಧಿಕಾರಿಗಳಿಗೆ ಶಾಲೆಯ ಪತ್ರ ಕೊಟ್ಟು ವಿಚಾರಿಸಲಿ. ತಂತಿಯ ಕೆಲಸಕ್ಕೆಂದೇ ಎತ್ತರದ ಅಟ್ಟವಿರುವ ಟವರ್ ವ್ಯಾಗನ್ ಎಂಬ ರೈಲು ವಾಹನದ ಮೇಲೆ ಸಿಬ್ಬಂದಿ ನಿಂತು ಡ್ರಾಪರ್ ಕಟ್ಟುವ ದಿನ ಗೊತ್ತಾದರೆ ಅಂದೇ ಮಕ್ಕಳನ್ನು ಮೇಲ್ಸೇತುವೆಗೆ ಕರೆತರಬಹುದು.