ಸೌಂಡ್ ಏರಿಸಿದರೆ ರಿಸೀವರ್ ಆಫ್: ಬೋರ್ಡ್ ಹೋಗಿದೆಯಾ?

ಪ್ರಶ್ನೆ (ಬದಿಯಡ್ಕದಿಂದ): ಅಣ್ಣಾ, ನಮ್ಮ ಹೋಮ್ ಥಿಯೇಟರಿನ ರಿಸೀವರ್ ಮಳೆಗಾಲ ಶುರುವಾದಾಗಿನಿಂದ ತಂಟೆ ಮಾಡುತ್ತಿದೆ. ಐದು ಸ್ಪೀಕರ್, ಒಂದು ಸಬ್‌ವೂಫರ್ ಉಂಟು. ವಾರ್ತೆ ನೋಡುವಾಗ ಏನೂ ತೊಂದರೆ ಇಲ್ಲ. ಸಿನಿಮಾ ಹಾಕಿ ಸ್ವಲ್ಪ ಸೌಂಡ್ ಏರಿಸಿದರೆ ಟಕ್ ಅಂತ ಆಫ್. ಆಮೇಲೆ ಕೆಂಪು ಲೈಟ್ ಮಿಣುಕುತ್ತಾ ಇರುತ್ತದೆ. ಇಲ್ಲಿ ಒಬ್ಬರಿಗೆ ತೋರಿಸಿದೆ. ಮುಚ್ಚಳ ಕೂಡ ತೆಗೆಯದೆ "ಬೋರ್ಡ್ ಹೋಗಿದೆ, ಬದಲಾಯಿಸಬೇಕು" ಅಂದರು. ಹೌದಾ?

ಉತ್ತರ: ಬೋರ್ಡಿನ ಮಾತು ಸದ್ಯಕ್ಕೆ ಬದಿಗಿಡಿ. ಬೋರ್ಡಿನಲ್ಲಿ ಸ್ಪೀಕರಿಗೆ ಕರೆಂಟ್ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿದ್ದರೆ ಸಾಮಾನ್ಯವಾಗಿ ಆನ್ ಮಾಡಿದ ಕೆಲವೇ ಸೆಕೆಂಡಿಗೆ ಆಫ್ ಆಗುತ್ತದೆ, ಸೌಂಡ್ ಎಷ್ಟಿದ್ದರೂ ಒಂದೇ. ನಿಮ್ಮದು ವಾರ್ತೆಗೆ ಸುಮ್ಮನಿದ್ದು ಸಿನಿಮಾಕ್ಕೆ ಮಾತ್ರ ಮುನಿಯುತ್ತದೆ ಅಲ್ವಾ? ಅಂದರೆ ಕರೆಂಟ್ ಜಾಸ್ತಿ ಎಳೆಯುವಾಗ ಪ್ರೊಟೆಕ್ಷನ್ ಸರ್ಕ್ಯೂಟ್ (ಹಾಳಾಗದಂತೆ ತಾನೇ ಆಫ್ ಮಾಡುವ ಏರ್ಪಾಡು) ಕೆಲಸ ಮಾಡುತ್ತಿದೆ. ಕೆಂಪು ಲೈಟ್ ಮಿಣುಕುವುದೂ ಅದನ್ನೇ ಹೇಳುತ್ತಿರಬಹುದು. ಎಷ್ಟು ಸಲ ಮಿಣುಕಿದರೆ ಏನು ಅರ್ಥ ಅಂತ ಕೆಲವು ಕಂಪೆನಿಯವರು ಮ್ಯಾನ್ಯುವಲ್ಲಿನಲ್ಲಿ ಬರೆದಿರುತ್ತಾರೆ, ಒಮ್ಮೆ ನೋಡಿ.

ಈಗ ಹೀಗೆ ಮಾಡಿ. ಪ್ಲಗ್ ತೆಗೆಯಿರಿ. ಹಿಂದಿನ ಎಲ್ಲ ಸ್ಪೀಕರ್ ವಯರ್ ಬಿಚ್ಚಿ. ಸಬ್‌ವೂಫರಿನದ್ದು ಬೇರೆ ಕೇಬಲ್, ಅದನ್ನೂ ತೆಗೆದಿಡಿ. ಆಮೇಲೆ ಆನ್ ಮಾಡಿ ಅದೇ ಸಿನಿಮಾ ಹಾಕಿ. ಸೌಂಡ್ ಕೇಳುವುದಿಲ್ಲ, ಪರವಾಗಿಲ್ಲ. ಆಗಲೂ ಆಫ್ ಆದರೆ ದೋಷ ರಿಸೀವರಿನ ಒಳಗೆ ಅಥವಾ ಮನೆಯ ಕರೆಂಟಿನಲ್ಲಿ. ಆಫ್ ಆಗದಿದ್ದರೆ ಮೊದಲು ಸ್ಪೀಕರ್ ಕಡೆಗೆ ನೋಡಬೇಕು.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. 200 ಓಮ್‌ಗೆ (ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ) ಇಟ್ಟು, ಬಿಚ್ಚಿದ ವಯರಿನ ಎರಡು ತುದಿಗೆ ಹಿಡಿಯಿರಿ. 8 ಓಮ್ ಸ್ಪೀಕರ್ ಆದರೆ ಸುಮಾರು 6ರಿಂದ 7 ತೋರಿಸುತ್ತದೆ, 4 ಓಮಿನದ್ದು 3ರ ಆಸುಪಾಸು. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಎರಡು ತಂತಿ ಒಂದಕ್ಕೊಂದು ತಾಗಿ ಶಾರ್ಟ್ ಆಗಿದೆ. ಟರ್ಮಿನಲ್‌ನಲ್ಲೂ ಕಣ್ಣಿಟ್ಟು ನೋಡಿ. ಕೂದಲಿನಷ್ಟು ತೆಳುವಾದ ಒಂದು ತಾಮ್ರದ ಎಳೆ ಪಕ್ಕದ ಟರ್ಮಿನಲಿಗೆ ತಾಗಿದರೂ ಸಾಕು. ಕುಂಬಳೆ, ಮಂಜೇಶ್ವರದ ಕಡಲಬದಿಯ ಮನೆಗಳಲ್ಲಿ ತುದಿ ಹಸಿರಾಗಿರುವುದೂ ಉಂಟು. ಅಷ್ಟು ಭಾಗ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ.

ಬದಿಯಡ್ಕದವರು: ಸ್ಪೀಕರ್ ಬಿಚ್ಚಿ ಇಡೀ ಸಿನಿಮಾ ಓಡಿಸಿದೆ, ಆಫ್ ಆಗಲಿಲ್ಲ! ಮೀಟರ್ ಹಿಡಿದಾಗ ನಾಲ್ಕು ಸ್ಪೀಕರ್ 6.4, 6.5 ತೋರಿಸಿತು. ಹಿಂದಿನ ಬಲಗಡೆಯದ್ದು ಒಮ್ಮೆ 6, ವಯರ್ ಅಲ್ಲಾಡಿಸಿದರೆ 0.7. ಆ ವಯರ್ ಅಟ್ಟದ ಮೇಲಿಂದ ಹೋಗುತ್ತದೆ. ಹತ್ತಿ ನೋಡಿದರೆ ಅಡಿಕೆ ಚೀಲದ ಹಿಂದೆ ಇಲಿ ಚೆನ್ನಾಗಿ ಕಡಿದಿದೆ, ಒಳಗಿನ ಎರಡೂ ತಂತಿ ಕಾಣುತ್ತದೆ.

ಉತ್ತರ: ಸಿಕ್ಕಿತಲ್ಲ! ಟೇಪ್ ಸುತ್ತಿ ಬಿಡಬೇಡಿ. ಆ ವಯರ್ ಪೂರ್ತಿ ಬದಲಾಯಿಸಿ. ಇಲಿ ಒಂದೇ ಕಡೆ ಕಡಿದಿರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಪ್ರಶ್ನೆ (ಉಪ್ಪಳದಿಂದ): ಇದರಲ್ಲೇ ನನ್ನದೂ ಒಂದು ಕೇಳಬಹುದಾ? ಭಾವ ಸೌದಿಯಿಂದ ಬರುವಾಗ ತಂದ ರಿಸೀವರ್, 110 ವೋಲ್ಟಿನದ್ದು. ಪೇಟೆಯಿಂದ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಹಾಕಿದ್ದೇವೆ, 300 ವಿಎ (ಅದು ಹೊರಬಲ್ಲ ಲೋಡಿನ ಅಳತೆ) ಅಂತ ಬರೆದಿದೆ. ಬೆಳಿಗ್ಗೆ ಸರಿ ಇರುತ್ತದೆ. ರಾತ್ರಿ ಏಳೂವರೆ ಎಂಟರ ಹೊತ್ತಿಗೆ ಹಾಕಿದರೆ ಬೇಸ್ ಬರುವಾಗಲೆಲ್ಲ ಆಫ್ ಆಗುತ್ತದೆ. ವಯರೆಲ್ಲ ಸರಿ ಉಂಟು.

ಉತ್ತರ: ರಾತ್ರಿ ಆ ಹೊತ್ತಿಗೆ ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜ್ ಎಷ್ಟಿದೆ ಅಂತ ನೋಡಿದ್ದೀರಾ? ನಮ್ಮಲ್ಲಿ ಇರಬೇಕಾದದ್ದು 230. ಲೈನಿನ ಕೊನೆಯ ಮನೆಯಾದರೆ ಎಲ್ಲರೂ ಲೈಟು, ಫ್ಯಾನು, ಮಿಕ್ಸಿ ಹಾಕುವ ಹೊತ್ತಿಗೆ 190ಕ್ಕೂ ಇಳಿಯಬಹುದು. ಸ್ಟೆಪ್‌ಡೌನ್ ಬರುವುದನ್ನೇ ಇಳಿಸಿ ಕೊಡುತ್ತದೆ, ಸರಿ ಮಾಡುವುದಿಲ್ಲ. 230ಕ್ಕೆ 110 ಕೊಡುವಂಥದ್ದು 190ಕ್ಕೆ ಬರೀ 91 ಕೊಡುತ್ತದೆ. ಅದರ ಮೇಲೆ ನಿಮ್ಮ 300 ವಿಎ ತೀರಾ ಸಣ್ಣದು. ಬೇಸ್ ಹೊಡೆದಾಗ ಅದರಿಂದ ಬರುವ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ರಿಸೀವರಿನ ಹಿಂದೆ ಎಷ್ಟು ವಾಟ್ ಅಂತ ಬರೆದಿದೆ ನೋಡಿ. ಅದರ ಎರಡರಷ್ಟು ವಿಎ ಇರುವ ಸ್ಟೆಪ್‌ಡೌನ್ ತನ್ನಿ, ಅದರ ಮೊದಲು ಒಂದು ಸ್ಟೆಬಿಲೈಸರ್ ಹಾಕಿ. ರಿಸೀವರಿನ ಹಿಂದೆ ವೋಲ್ಟೇಜ್ ಬದಲಾಯಿಸುವ ಸ್ವಿಚ್ ಇದ್ದರೆ ಮೊದಲು ಅದನ್ನು 230ಕ್ಕೆ ಇಡಿ, ಆಗ ಸ್ಟೆಪ್‌ಡೌನೇ ಬೇಡ.

ಇನ್ನೊಂದು. ಸೌದಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಲೇಬಲ್ಲಿನಲ್ಲಿ "50/60" ಅಂತ ಇದ್ದರೆ ಚಿಂತೆ ಇಲ್ಲ. ಬರೀ 60 ಇದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಇಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಅಂಥದ್ದನ್ನು ಗಂಟೆಗಟ್ಟಲೆ ಓಡಿಸುವುದು ಬೇಡ.

ಪ್ರಶ್ನೆ (ಮುಳ್ಳೇರಿಯದಿಂದ): ನಮ್ಮದು ಸೌಂಡ್ ಕಡಿಮೆ ಇದ್ದರೂ ಮುಕ್ಕಾಲು ಗಂಟೆ ಕಳೆದ ಮೇಲೆ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ.

ಉತ್ತರ: ಎಲ್ಲಿ ಇಟ್ಟಿದ್ದೀರಿ?

ಮುಳ್ಳೇರಿಯದವರು: ಗಾಜಿನ ಬಾಗಿಲಿನ ಶೋಕೇಸಿನಲ್ಲಿ. ಮೇಲೆ ಸೆಟ್‌ಟಾಪ್ ಬಾಕ್ಸ್. ಧೂಳು ಬೀಳಬಾರದು ಅಂತ ಅಮ್ಮ ಒಂದು ಕಸೂತಿ ಬಟ್ಟೆ ಹೊದೆಸಿದ್ದಾರೆ.

ಉತ್ತರ: ಬಟ್ಟೆ ಅಮ್ಮನಿಗೇ ವಾಪಸ್ ಕೊಡಿ ಮಾರಾಯ್ರೇ! ರಿಸೀವರಿನೊಳಗಿನ ಆಂಪ್ಲಿಫೈಯರ್ ಎಳೆಯುವ ಕರೆಂಟಿನ ದೊಡ್ಡ ಪಾಲು ಬಿಸಿಯಾಗಿಯೇ ಹೊರಗೆ ಹೋಗಬೇಕು, ಅದು ಹೋಗುವುದು ಮೇಲಿನ ತೂತುಗಳಿಂದ. ಸೆಟ್‌ಟಾಪ್ ಬಾಕ್ಸ್ ಪಕ್ಕಕ್ಕಿಡಿ, ಗಾಜು ತೆರೆದಿಡಿ, ಮೇಲೆ ಒಂದು ಗೇಣಾದರೂ ಜಾಗ ಬಿಡಿ. ಆಮೇಲೂ ಹಾಗೇ ಆದರೆ ಅಂಗಡಿಗೆ ತನ್ನಿ. ಒಳಗೆ ಧೂಳು ತುಂಬಿರಬಹುದು, ಫ್ಯಾನ್ ಇರುವ ಮಾಡೆಲ್ ಆದರೆ ಅದು ನಿಂತಿರಲೂಬಹುದು. ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ, ಮುಟ್ಟಿದರೆ ಹೊಡೆಯುತ್ತದೆ.

ಬದಿಯಡ್ಕದವರು: ಅಣ್ಣಾ, ಒಂದು ಕೇಳಲು ಮರೆತೆ. ಪ್ರೊಟೆಕ್ಷನ್ ರಿಲೇಯನ್ನೇ (ತೊಂದರೆಯಾದಾಗ ಸ್ಪೀಕರ್ ಲೈನ್ ತಾನಾಗಿ ಬಿಡಿಸುವ ಸ್ವಿಚ್) ಕಟ್ ಮಾಡಿ ನೇರ ಜೋಡಿಸಿದರೆ ಇಂಥ ಕಿರಿಕಿರಿ ಇರುವುದಿಲ್ಲ ಅಂತ ಗೆಳೆಯನೊಬ್ಬ ಹೇಳುತ್ತಾನೆ. ಮತ್ತೆ ಹೊಸ ವಯರ್ ಯಾವುದು ತರಲಿ? ಹತ್ತು ಮೀಟರ್ ಬೇಕು.

ಉತ್ತರ: ಗೆಳೆಯನ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ. ಆ ರಿಲೇ ಇಲ್ಲದಿದ್ದರೆ ಇಲಿ ಕಡಿದ ದಿನವೇ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತಿತ್ತು, ಅದರ ಹಿಂದೆ ಸ್ಪೀಕರಿನ ಕಾಯಿಲ್ ಕೂಡ. ಆಗ ನಿಜವಾಗಿಯೂ ಬೋರ್ಡ್ ಹಾಕಿಸಬೇಕಾಗುತ್ತಿತ್ತು. ವಯರ್ 1.5 ಚದರ ಮಿಲಿಮೀಟರಿನ ತಾಮ್ರದ್ದು ಸಾಕು, ಹತ್ತು ಮೀಟರಿಗೆ ಅದಕ್ಕಿಂತ ದಪ್ಪ ಬೇಡ. ಅಟ್ಟದಲ್ಲಿ ಪಿವಿಸಿ ಪೈಪಿನೊಳಗೆ ಎಳೆಯಿರಿ, ಎರಡೂ ತುದಿ ಮುಚ್ಚಿ.